ನಾಲ್ಕು ಬಾಯಿ ದಾಟಿದ ಸುದ್ದಿ

ರಾಮನಾಥಪುರದ ಒಂದು ಹಿತ್ತಿಲು. ಬೆಳಕು ಇನ್ನೂ ಹರಿದಿಲ್ಲ. ಮಾದಮ್ಮ ಚಾಚಿದ ಕಾಲ ಮೇಲೆ ಎಳೆಗೂಸನ್ನು ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತಿದ್ದಾರೆ. "ಅಳು ನನ್ನವ್ವ, ಎದೆ ಗಟ್ಟಿಯಾಯ್ತದೆ" ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅವರಿಗೂ ಕುಡಿಯಲು ನೀರು ಬರುತ್ತದೆ, ಎತ್ತರದಿಂದ, ಬೊಗಸೆಗೆ. ಆ ಮನೆಯ ಮಕ್ಕಳನ್ನೆಲ್ಲ ಮೊದಲು ಮುಟ್ಟಿದ್ದು ಅದೇ ಕೈ.

ಮಾದಮ್ಮ ಸೂಲಗಿತ್ತಿ. ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಹಗಲು ಹೊಗೆಸೊಪ್ಪಿನ ಕೂಲಿ, ಕರೆ ಬಂದರೆ ಹೆರಿಗೆ. ತಿಂಗಳಿಗೆ ಏಳೆಂಟು ಹೆರಿಗೆ ಮಾಡಿಸಿದರೂ ಸಿಗುವುದು ಹಳೆ ಸೀರೆ, ಒಂದಿಷ್ಟು ರಾಗಿ.

ಹೋದ ಮಾಘದಲ್ಲಿ ಸುಬ್ಬಮ್ಮನೆಂಬ ಪರವೂರ ಕೂಲಿಯವಳು, ತುಂಬು ಬಸುರಿ, ಹೊಗೆಸೊಪ್ಪಿನ ಹೊರೆ ಹೊತ್ತೇ ಕುಸಿದಳು. ಮಾದಮ್ಮ ಹೆರಿಗೆ ಮಾಡಿಸಿದರು. ಕೂಸು ಚೆನ್ನಾಗಿತ್ತು, ತಾಯಿಗೆ ಜ್ವರ ಏರಿತು. "ದಂಡಿಗನಹಳ್ಳೀಲಿ ನಮ್ಮವ್ವ ಅವ್ಳೆ, ಕರೆಸಿ" ಎಂದು ಗೋಗರೆದಳು. ಹೊಗೆಸೊಪ್ಪಿನ ಹೊಲದ ಯಜಮಾನ "ಆಳು ಕಳಿಸಿದೀನಿ" ಎಂದ. ಮಾದಮ್ಮ ಎರಡು ದಿನ ನಂಬಿ ಕಾದರು. ಆಳುಗಳನ್ನು ವಿಚಾರಿಸಿದರೆ, ಅವನು ಯಾರನ್ನೂ ಕಳಿಸಿರಲಿಲ್ಲ!

ದಂಡಿಗನಹಳ್ಳಿಯನ್ನು ಮಾದಮ್ಮ ಕಂಡವರಲ್ಲ. ಅರಕಲಗೂಡಿನ ಸೂಲಗಿತ್ತಿ ನಂಜಮ್ಮನಿಗೆ ಬಸ್ಸು ಹಿಡಿದು ಹೋಗಿ ಹೇಳಿದರು. ನಂಜಮ್ಮ ಹೊಳೆನರಸೀಪುರದಲ್ಲಿ ಸೊಪ್ಪು ಮಾರುವ ನಾದಿನಿಗೆ ಹೇಳಿದಳು. ನಾದಿನಿ ಚನ್ನರಾಯಪಟ್ಟಣದ ಬಸ್ಸಿನ ಕಂಡಕ್ಟರ್ ರಂಗಸ್ವಾಮಿಗೆ ಹೇಳಿದಳು. ಅವನು ದಂಡಿಗನಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ, ಇಳಿದು ಕೂಗಿದ.

ಅಷ್ಟರಲ್ಲಿ ಸುಬ್ಬಮ್ಮ ಸತ್ತಳು. ಯಜಮಾನ "ದಿಕ್ಕಿಲ್ಲದೋಳು" ಎಂದು ಬೇಗಬೇಗ ಹೂಳಿಸಿದ. ಕೂಸನ್ನು ಅನಾಥಾಲಯಕ್ಕೆ ಕಳಿಸಲು ಗಾಡಿ ಕಟ್ಟಿಸಿದ. ಮಾದಮ್ಮ ಕೂಸನ್ನು ಅವುಚಿಕೊಂಡು ತಮ್ಮ ಗುಡಿಸಲ ಬಾಗಿಲಲ್ಲೇ ಕೂತುಬಿಟ್ಟರು. "ನನ್ನ ತುಳ್ಕೊಂಡು ಓಗಿ" ಎಂದರು. ಮರುದಿನ ಬೆಳಗಿನ ಬಸ್ಸಿಗೆ ಸುಬ್ಬಮ್ಮನ ತಾಯಿ ಚಲುವಮ್ಮ ಬಂದಿಳಿದರು. ಅವರಿಗೆ ಮಗಳ ಮುಖ ಸಿಗಲಿಲ್ಲ, ಹಸಿ ಮಣ್ಣು ಸಿಕ್ಕಿತು.

ಇದನ್ನು ಹೇಳುವಾಗ ಮಾದಮ್ಮನ ದನಿ ಈಗಲೂ ಏರುತ್ತದೆ. "ನಾಕು ಬಾಯಿ ಸಾ, ನಾಕೇ! ಅಷ್ಟು ಅತ್ರ ಇದ್ಲು ಅವ್ವ. ಮೊದಲ್ನೇ ದಿನವೇ ಆ ವಯ್ಯ ಒಬ್ರುನ್ನ ಕೇಳಿದ್ರೆ, ಅವ್ಳ ತೊಡೆ ಮ್ಯಾಲೆ ಮಗ್ಳು ಪ್ರಾಣ ಬುಡ್ತಿದ್ಲು. ಬದುಕ್ತಿದ್ಲೋ ಏನೋ! ದಿಕ್ಕಿಲ್ದೋಳಂತೆ. ಕೇಳ್ದೇನೇ ಎಂಗೆ ಗೊತ್ತಾಯ್ತು ಅವ್ನಿಗೆ?"

ಕೂಸು ಅಜ್ಜಿಯ ಮಡಿಲು ಸೇರಿದೆ. ಯಜಮಾನನನ್ನು ಈವರೆಗೆ ಯಾರೂ ಏನೂ ಕೇಳಿಲ್ಲ. ಊರಿನ ದೊಡ್ಡವರು ಇಂದಿಗೂ ಅವನ ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತಾರೆ.

ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೆ. ಮಾದಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ನನ್ನ ಎಸ್ರು ಯಾಕೆ ಸಾ? ಆ ಎಣ್ಣಿನ ಎಸ್ರು ಬರೀರಿ. ಪಕ್ಕದಲ್ಲೇ ಅವ್ಳ ಅವ್ವನ ಎಸ್ರೂ ಬರೀರಿ."