ಹನ್ನೊಂದನೇ ಪುಟ

ಪಕ್ಕದ ಲ್ಯಾಬಿನವರ ಎಡಗೈ ಬೆರಳುಗಳ ತುದಿಯಲ್ಲಿ ಎಳ್ಳು ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳಿದ್ದವು. ಮೊದಲ ಸಲ ನೋಡಿದಾಗ ರಿಬ್ಬನ್ನಿನ ಮಸಿ ಇರಬೇಕು ಅಂದುಕೊಂಡೆ. ಟೈಪಿಂಗ್ ಕಲಿಸುವವಳ ಕಣ್ಣಿಗೆ ಕಾಣುವುದೆಲ್ಲ ಮಸಿಯೇ. ಆಮೇಲೆ ತಿಳಿಯಿತು, ಅವು ಸೂಜಿಯ ಗುರುತುಗಳು. ರಕ್ತ ಪರೀಕ್ಷೆಗೆ ಬಂದ ಮಗು ಹೆದರಿ ಅತ್ತರೆ ಅವರು ಮೊದಲು ತಮ್ಮ ಬೆರಳಿಗೇ ಚುಚ್ಚಿಕೊಂಡು, ಆ ಹನಿಯನ್ನು ಮಗುವಿನ ಮುಂದೆ ಹಿಡಿದು, "ನೋಡು, ನಂದು ಕೆಂಪಗೈತೆ. ನಿಂದು ಯಾವ ಬಣ್ಣ ಐತೆ ನೋಡಾಣ" ಅನ್ನುತ್ತಿದ್ದರು. ಮಗು ಅಳು ಮರೆತು ಬೆರಳು ಚಾಚುತ್ತಿತ್ತು. ದಿನಕ್ಕೆ ನಾಲ್ಕು ಮಕ್ಕಳು ಬಂದರೆ ಅವರಿಗೂ ನಾಲ್ಕು ಚುಚ್ಚು.

ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದೇ ಕಟ್ಟಡದ ಎರಡು ಕೋಣೆಗಳಲ್ಲಿ ನಾವಿಬ್ಬರೂ ಇದ್ದೆವು. ಒಂದರಲ್ಲಿ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್, ಇನ್ನೊಂದರಲ್ಲಿ ಅವರ ಲ್ಯಾಬು. ಊರಿಗೆಲ್ಲ ಅವರು ಲ್ಯಾಬಿನವರು, ನನಗೆ ಅಣ್ಣ. ಅವರ ಹೆಂಡತಿ ಸಹಜವಾಗಿಯೇ ಅತ್ತಿಗೆಯಾದರು. ಅಣ್ಣ ಮಾತ್ರ ವಯಸ್ಸಿನಲ್ಲಿ ಹದಿನೈದು ವರ್ಷ ದೊಡ್ಡವರಾದರೂ ನನ್ನನ್ನು "ಟೈಪಿಂಗ್ ಮೇಡಂ" ಎಂದೇ ಕರೆಯುತ್ತಿದ್ದರು. ನಾನು ಟೈಪ್ ಮಾಡಿದ ಹಾಳೆಯಲ್ಲಿ ಒಂದು ತಪ್ಪು ತೋರಿಸಿದರೆ ಹೊಸ ಹಾಳೆಯಲ್ಲಿ ಬಿಟ್ಟಿ ಮಾಡಿಕೊಡುತ್ತೇನೆ ಎಂದು ಬೋರ್ಡು ಬರೆಸಿ ಹಾಕಿದ್ದೆ. ಅಷ್ಟು ಜಂಬ ನನಗೆ. ಆ ಬೋರ್ಡನ್ನು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು.

ನಮ್ಮ ನಡುವೆ ಇದ್ದ ಒಂದೇ ಜಗಳ ಗೋಡೆಯದು. ಹತ್ತು ಮಷಿನ್ನುಗಳು ಒಟ್ಟಿಗೆ ಕುಟ್ಟಿದರೆ ಅವರ ಮೇಜು ನಡುಗುತ್ತಿತ್ತು, ಕಾಗದದ ಮೇಲೆ ಇಡುವ ರಕ್ತದ ಹನಿ ಅತ್ತಿತ್ತ ಸರಿಯುತ್ತಿತ್ತು. ಕೊನೆಗೊಂದು ಒಪ್ಪಂದವಾಯಿತು. ಅವರು ಗೋಡೆಗೆ ಎರಡು ಸಲ ತಟ್ಟಿದರೆ ನಮ್ಮ ಹುಡುಗಿಯರು ಕೈ ಎತ್ತಿ ಕೂರಬೇಕು, ಮೂರನೇ ಸಲ ತಟ್ಟಿದರೆ ಮತ್ತೆ ಶುರು. ಹೊಸದಾಗಿ ಸೇರಿದವರು ಇದೇನು ಪೂಜೆಯೋ ಎಂದು ಕೇಳುತ್ತಿದ್ದರು.

ಆ ಹನಿಯ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಉಪ್ಪುನೀರಿನಂಥ ದ್ರಾವಣದಲ್ಲಿ ನೆನೆಸಿದ ಉದ್ದನೆಯ ಕಾಗದದ ಪಟ್ಟಿ. ಅದರ ಎರಡು ತುದಿಗೂ ಕರೆಂಟಿನ ತಂತಿ. ನಡುವೆ ರಕ್ತದ ಹನಿ. ಕರೆಂಟು ಹರಿದ ಹಾಗೆ ರಕ್ತದೊಳಗಿನ ಒಂದೊಂದು ವಸ್ತುವೂ ತನ್ನ ತನ್ನ ವೇಗದಲ್ಲಿ ಕಾಗದದ ಮೇಲೆ ಸಾಗಿ ಬೇರೆ ಬೇರೆ ಗೆರೆಯಾಗಿ ನಿಲ್ಲುತ್ತದೆ. ಗೆರೆ ಎಲ್ಲಿ ನಿಂತಿತು ಎಂಬುದರಲ್ಲಿ ರೋಗ ತಿಳಿಯುತ್ತದೆ. ಇದು ದೊಡ್ಡ ಊರುಗಳಲ್ಲಿ ಆಗಲೇ ಇತ್ತು. ಆದರೆ ನಮ್ಮ ಕಡೆ ಕರೆಂಟು ನಂಬುವ ಹಾಗಿರಲಿಲ್ಲ, ಬೇಸಿಗೆಯಲ್ಲಿ ಪಟ್ಟಿ ಬಿಸಿಯಾಗಿ ಒಣಗಿ ಗೆರೆಗಳೆಲ್ಲ ಸೊಟ್ಟಗಾಗುತ್ತಿದ್ದವು. ಜಗಳೂರಿನಿಂದ ಬಸ್ಸಿನಲ್ಲಿ ದೂರದ ಆಸ್ಪತ್ರೆಗೆ ಕಳಿಸಿದ ರಕ್ತ ದಾರಿಯಲ್ಲೇ ಕೆಡುತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಸದ ಈ ಮನುಷ್ಯ, ಒಬ್ಬ ಡಾಕ್ಟರ ಲ್ಯಾಬಿನಲ್ಲಿ ಸೀಸೆ ತೊಳೆಯುತ್ತಾ ಕೆಲಸ ಕಲಿತವರು, ಅದಕ್ಕೊಂದು ದಾರಿ ಹುಡುಕಿದರು. ಸಾಸ್ವೆಹಳ್ಳಿಯ ಕುಂಬಾರರೊಬ್ಬರಿಂದ ಎರಡು ಪದರದ ಮಣ್ಣಿನ ತೊಟ್ಟಿ ಮಾಡಿಸಿದರು. ಪದರಗಳ ನಡುವೆ ಒದ್ದೆ ಮರಳು. ಮಡಕೆಯ ನೀರು ತಣ್ಣಗಿರುವ ಹಾಗೆ ಒಳಗಿನ ಕಾಗದ ತಣ್ಣಗೆ ಉಳಿಯಿತು. ಕರೆಂಟಿಗೆ ಬದಲಾಗಿ ಸೀಳಿದ ಬಿದಿರಿನಲ್ಲಿ ಅರವತ್ತು ಟಾರ್ಚ್ ಸೆಲ್ಲುಗಳ ಸಾಲು. ಎಷ್ಟು ತೊಟ್ಟಿ ಒಡೆದವೋ, ಎಷ್ಟು ಬೇಸಿಗೆ ಹೋದವೋ ಲೆಕ್ಕವಿಲ್ಲ. ಕೊನೆಗೊಂದು ಮಧ್ಯಾಹ್ನ ಗೋಡೆಗೆ ಒಂದೇ ಸಮನೆ ತಟ್ಟತೊಡಗಿದರು. ಓಡಿ ಹೋದೆ. ಪಟ್ಟಿಯ ಮೇಲೆ ಸ್ಕೇಲು ಹಿಡಿದು ಎಳೆದ ಹಾಗೆ ನೆಟ್ಟಗೆ ನಿಂತಿತ್ತು ಗೆರೆ. "ಮೇಡಂ, ಸೊಟ್ಟ ಐತೇನ್ರಿ? ನನ್ನ ಕಣ್ಣು ನಂಬಾಕಾಗ್ತಿಲ್ಲ, ನೀವು ಹೇಳ್ರಿ" ಅಂದರು. ಸೊಟ್ಟ ಇರಲಿಲ್ಲ.

ನ್ಯಾಮತಿ ಕಡೆಯ ಗಂಡ ಹೆಂಡತಿ ಬಿಳಿಚಿಕೊಂಡ ಹೆಣ್ಣುಮಗುವನ್ನು ಎತ್ತಿಕೊಂಡು ಬಂದ ದಿನ ನಾನು ಅಲ್ಲೇ ಇದ್ದೆ. ಮಗುವಿಗೆ ಕೈಕಾಲು ಗಂಟುಗಳ ನೋವು, ಎಷ್ಟು ಟಾನಿಕ್ಕು ಕುಡಿಸಿದರೂ ರಕ್ತ ಏರುತ್ತಿರಲಿಲ್ಲ. ಗಂಡ ಬಾಗಿಲಲ್ಲೇ ನಿಂತು, ಇದು ತಾಯಿಯ ಕಡೆಯ ದೋಷ, ಇವಳನ್ನು ತವರಿಗೆ ಬಿಟ್ಟು ಬರುತ್ತೇನೆ ಎಂದು ಗೊಣಗುತ್ತಿದ್ದ. ಅಣ್ಣ ಮೂವರ ರಕ್ತವನ್ನೂ ತೆಗೆದರು. ಮಾರನೇ ದಿನ ಮೂರು ಪಟ್ಟಿಗಳನ್ನು ದಾರಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟು ಗಂಡನನ್ನು ಎದುರು ನಿಲ್ಲಿಸಿದರು. ಮಗುವಿನ ಗೆರೆ ಇರಬೇಕಾದ ಜಾಗ ಮುಟ್ಟದೆ ಹಿಂದೆಯೇ ನಿಂತಿತ್ತು. ತಾಯಿಯದರಲ್ಲಿ ಎರಡು ಗೆರೆ, ಒಂದು ಮುಂದೆ, ಒಂದು ಹಿಂದೆ. ತಂದೆಯದರಲ್ಲೂ ಹಾಗೆಯೇ ಎರಡು.

"ಈ ಹಿಂದಿನ ರೋಗದ ಗೆರೆ ಐತಲ್ಲ, ಅದು ಆಕೀದೊಂದು, ನಿಂದೊಂದು. ಸಮಪಾಲು. ಈಗ ಯಾರನ್ನ ಎಲ್ಲಿಗೆ ಬಿಟ್ಟು ಬರ್ತಿ, ಹೇಳಪ್ಪ" ಅಂದರು ಅಣ್ಣ.

ಅವನು ತನ್ನ ಪಟ್ಟಿಯನ್ನೂ ಹೆಂಡತಿಯದನ್ನೂ ಹೋಲಿಸಿ ನೋಡಿದ. ಆಮೇಲೆ ಹೆಂಡತಿಯ ಕೈಯಿಂದ ಮಗುವನ್ನು ತಾನು ಎತ್ತಿಕೊಂಡ. ಆ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅಣ್ಣ ಅಂಥವೇ ತೊಟ್ಟಿಗಳನ್ನು ಮಾಡಿ ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದು ಅಲ್ಲಿನ ಲ್ಯಾಬುಗಳವರಿಗೆ ಕೊಟ್ಟರು. ಆದರೆ ಕೈಯಲ್ಲಿ ಎಷ್ಟು ಮಾಡಲಾದೀತು? ದಾವಣಗೆರೆಯ ಒಬ್ಬ ವರ್ಕ್‌ಶಾಪಿನ ಮಾಲೀಕರಿಗೆ ತೋರಿಸಿದಾಗ ಅವರು ಒಪ್ಪಿದರು, ತಾಲ್ಲೂಕಿಗೊಂದರಂತೆ ಮಾಡಿ ಹಂಚೋಣ ಎಂದರು. ಒಂದೇ ಷರತ್ತು, ಪೇಟೆಂಟ್ ಇರಬೇಕು. ಇಲ್ಲದಿದ್ದರೆ ಅಚ್ಚು ಮಾಡಿಸಿದ ಮೇಲೆ ಯಾರು ಬೇಕಾದರೂ ನಕಲು ಮಾಡುತ್ತಾರೆ ಎಂಬುದು ಅವರ ಹೆದರಿಕೆ. ಅಣ್ಣ ಮರಳಿ ಬಂದು ನನ್ನ ಮುಂದೆ ಕೂತರು. "ಮೇಡಂ, ಸರ್ಕಾರದಿಂದ ಒಂದು ಕಾಗದ ಬರಬೇಕಂತೆ. ಅದು ಬಂದ್ರೆ ಊರೂರಿಗೂ ತೊಟ್ಟಿ. ನಿಮ್ಮ ಕೈಯಾಗೈತೆ ಈಗ."

ಅರ್ಜಿಗೆ ಏನೇನು ಬೇಕು ಎಂದು ಮದ್ರಾಸಿನ ಪೇಟೆಂಟ್ ಕಚೇರಿಗೆ ಬರೆದು ಉತ್ತರ ತರಿಸುವುದರಲ್ಲೇ ತಿಂಗಳುಗಳು ಹೋದವು. ಈ ನಡುವೆ ರಾಜ್ಯೋತ್ಸವ ಬಂತು. ನಮ್ಮ ಬೀದಿಯ ಸಂಘದವರು ಯಾರನ್ನು ಸನ್ಮಾನಿಸೋಣ ಎಂದು ಕೇಳಿದಾಗ ನಾನೇ ಅವರ ಹೆಸರು ಹೇಳಿದೆ. ಯಾರಾದರೂ ಒಂದು ಒಳ್ಳೆಯ ಕೆಲಸ ಮಾಡಿದರೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಒಂದು ಸ್ಮರಣ ಸಂಚಿಕೆ ಅಚ್ಚು ಹಾಕಿಸದಿದ್ದರೆ ನಮ್ಮ ಊರುಗಳಿಗೆ ಸಮಾಧಾನವಿಲ್ಲ. ಸಂಚಿಕೆಗೆ ಲೇಖನ ಬರೆದವಳೂ ನಾನೇ. ಹೊಗಳಿಕೆ ಬರಿ ಮಾತಾಗಬಾರದೆಂದು ತೊಟ್ಟಿಯ ಚಿತ್ರ, ಅಳತೆ, ಮರಳಿನ ಪದರ, ಸೆಲ್ಲುಗಳ ಸಂಖ್ಯೆ, ಒಂದೂ ಬಿಡದೆ ಹಾಕಿಸಿದೆ. ಹನ್ನೊಂದನೇ ಪುಟ. ಒಂದೂ ಮುದ್ರಣ ದೋಷವಿರಲಿಲ್ಲ. ಕಾರ್ಯಕ್ರಮಕ್ಕೆ ಬಂದವರ ಕೈಗೆಲ್ಲ ಹಂಚಿದೆವು.

ಎರಡು ತಿಂಗಳ ಮೇಲೆ ಅರ್ಜಿ ಟೈಪ್ ಮಾಡಲು ಕೂತೆವು. ಈ ಸಾಧನ ಏಕೆ ಬೇಕು ಎಂಬಲ್ಲಿಗೆ ಬಂದಾಗ ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದರು. "ನನ್ನ ತಂಗಿ ಒಬ್ಬಾಕಿ ಇದ್ಲು, ಜಗಳೂರಾಗೆ. ಇದೇ ಗಂಟು ನೋವು, ಇದೇ ಬಿಳುಪು. ದೃಷ್ಟಿ ತೆಗೆದ್ರು, ತಾಯತ ಕಟ್ಟಿದ್ರು. ರಕ್ತ ಮಾತ್ರ ಯಾರೂ ನೋಡ್ಲಿಲ್ಲ. ಒಂಬತ್ತು ವರ್ಷಕ್ಕೆ ಹೋದ್ಲು. ಇದನ್ನ ಬರೀಬ್ಯಾಡ್ರಿ. ಅದು ಅರ್ಜಿ ಮಾತಲ್ಲ." ನಾನು ಬರೆಯಲಿಲ್ಲ. ಕೊನೆಗೆ ಎಲ್ಲ ಹಾಳೆ ಜೋಡಿಸುವಾಗ ನನ್ನ ಬುದ್ಧಿ ಓಡಿತು. ಡಿಗ್ರಿ ಇಲ್ಲದವರ ಅರ್ಜಿಯನ್ನು ಯಾರು ನಂಬುತ್ತಾರೆ, ಊರು ಇವರನ್ನು ಗೌರವಿಸಿದೆ ಎಂಬುದಕ್ಕೆ ಸಾಕ್ಷಿ ಇರಲಿ ಎಂದು ಸ್ಮರಣ ಸಂಚಿಕೆಯ ಒಂದು ಪ್ರತಿಯನ್ನು ಪಿನ್ನು ಹಾಕಿ ಸೇರಿಸಿದೆ.

"ಅದ್ಯಾಕ್ರಿ ಬೇಕು, ನಮ್ಮ ಹೊಗಳಿಕೆ ನಾವೇ ಕಳ್ಸಿದಂಗೆ ಆಗ್ತೈತೆ" ಅಂದರು.

"ನಿಮಗೆ ತಿಳಿಯಲ್ಲ ಸುಮ್ನಿರಿ ಅಣ್ಣ" ಅಂದೆ ನಾನು.

ಉತ್ತರ ಬರಲು ಬಹಳ ಕಾಲ ಹಿಡಿಯಿತು. ಬಂದಾಗ ಲಕೋಟೆ ಒಡೆಯದೆ ನನ್ನ ಹತ್ತಿರವೇ ತಂದರು, ಇಂಗ್ಲಿಷ್ ನಾನೇ ಓದಬೇಕಿತ್ತು. ಓದಿದೆ. ಅರ್ಜಿ ಹಾಕುವ ದಿನಕ್ಕಿಂತ ಮೊದಲೇ ವಿವರಗಳೆಲ್ಲ ಅಚ್ಚಾಗಿ ಜನರ ಕೈ ಸೇರಿರುವುದರಿಂದ ಇದನ್ನು ಹೊಸತೆಂದು ಒಪ್ಪಲಾಗದು ಎಂಬುದು ಅದರ ಸಾರ. ಆಧಾರ, ಅರ್ಜಿದಾರರೇ ಲಗತ್ತಿಸಿದ ಪುಸ್ತಿಕೆಯ ಹನ್ನೊಂದನೇ ಪುಟ. ಮನಸ್ಸಿನಲ್ಲೇ ಒಂದು ಸುಳ್ಳು ಕಟ್ಟಿದೆ, ಆದರೆ ಅವರ ಮುಖ ನೋಡಿ ಹೇಳಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಓದಿ ಹೇಳಿದೆ.

ಅವರು ಕಾಗದವನ್ನು ಮಡಿಸಿ ಮತ್ತೆ ಲಕೋಟೆಯೊಳಗೆ ಹಾಕಿದರು. ಆಮೇಲೆ, "ಮದ್ರಾಸ್ನಾಗೂ ಕನ್ನಡ ಓದೋರು ಅದಾರೆ ಅಂದಂಗಾತು" ಎಂದು ನಗಲು ನೋಡಿದರು. ನಾನು ಅಳುತ್ತಾ, ಪುಸ್ತಕ ಅಚ್ಚಾಯಿತು ಆದರೆ ಯಾರಿಗೂ ಹಂಚಿಲ್ಲ ಎಂದು ಬರೆದು ಹಾಕೋಣ ಅಣ್ಣ, ಸಂಘದವರ ಸಹಿ ನಾನು ತರುತ್ತೇನೆ ಎಂದೆ. ಅವರು ತಲೆಯಾಡಿಸಿದರು. "ಇಷ್ಟು ವರ್ಷದಾಗೆ ಒಂದೂ ಸುಳ್ಳು ರಿಪೋರ್ಟು ಬರ್ದಿಲ್ಲ ನಾನು. ನಿಮ್ಮ ಮಷಿನ್ನಾಗೆ ಸುಳ್ಳು ಹೊಡೀಬ್ಯಾಡ್ರಿ." ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಗೋಡೆಗೆ ಎರಡು ಸಲ ತಟ್ಟಿದ ಸದ್ದು ಕೇಳಿತು. ಹುಡುಗಿಯರು ಕೈ ಎತ್ತಿ ಕೂತರು. ಕೆಲಸ ನಡೆಯಲೇಬೇಕಿತ್ತಲ್ಲ.

ವರ್ಕ್‌ಶಾಪಿನವರು ಹಿಂದೆ ಸರಿದರು, ಅವರನ್ನು ದೂರುವಂತಿಲ್ಲ. ಅಣ್ಣ ಮತ್ತೆ ಕೈಯಲ್ಲೇ ತೊಟ್ಟಿ ಮಾಡಿದರು, ಆಗುವಷ್ಟು ದಿನ ಮಾಡಿದರು. ಯಾವ ಹಳ್ಳಿಯ ಯಾವ ಮಗು ತೊಟ್ಟಿ ತಲುಪದ ಕಾರಣಕ್ಕೆ ಹೋಯಿತೋ ನನಗೆ ತಿಳಿಯದು. ತಿಳಿಯದಿರುವುದರಿಂದಲೇ ನನಗೆ ನೆಮ್ಮದಿಯಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರ ಕಣ್ಣು ಹಳದಿಯಾದವು. ಗಾಜಿನ ನಳಿಗೆಯಲ್ಲಿ ಬಾಯಿಂದಲೇ ರಕ್ತ ಎಳೆಯುತ್ತಿದ್ದ ಕಾಲ ಅದು. ಎಷ್ಟು ಜನರ ಕಾಯಿಲೆ ಅವರೊಳಗೆ ಇಳಿದಿತ್ತೋ. ಒಂದು ದಿನ ಕರೆದು, ನೀಲಿ ಬಣ್ಣದಲ್ಲಿ ಅದ್ದಿ ತೆಗೆದ ಒಂದು ಪಟ್ಟಿ ತೋರಿಸಿದರು. "ಈ ಮೊದಲ್ನೇ ಗೆರೆ ದಪ್ಪಗಿರಬೇಕು. ನೋಡ್ರಿ ಹೆಂಗೆ ತೆಳ್ಳಗಾಗೈತೆ. ಲಿವರ್ ಕೈ ಬಿಟ್ಟೈತೆ." ಯಾರದು ಎಂದು ಕೇಳಿದೆ. ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಿಂದ ಅವರದೇ ಹೆಸರು ಬರೆದಿತ್ತು. "ಗೆರೆ ಮಾತ್ರ ನೆಟ್ಟಗೆ ಬಂದೈತೆ" ಎಂದು ತೃಪ್ತಿಯಿಂದ ಹೇಳಿದರು. ಎರಡು ತಿಂಗಳು ಇದ್ದರು.

ಕಾರ್ಯಗಳೆಲ್ಲ ಮುಗಿದು ಒಂದು ವಾರವಾಗಿತ್ತು. ಮಧ್ಯಾಹ್ನ ಅತ್ತಿಗೆ ನನ್ನ ಇನ್‌ಸ್ಟಿಟ್ಯೂಟಿಗೆ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು. ನೀರು ಕೊಟ್ಟೆ. ಕುಡಿದು ಕೇಳಿದರು.

"ಆ ಸರ್ಕಾರದ ಕಾಗದ ಇನ್ನೂ ಬಂದಿಲ್ಲೇನ್ರಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಕಾಗದ ಬಂದು ಆರು ವರ್ಷ ದಾಟಿತ್ತು. ತಿರಸ್ಕಾರವಾದದ್ದನ್ನು ಅಣ್ಣ ಮನೆಯಲ್ಲಿ ಹೇಳಿರಲೇ ಇಲ್ಲ. ಹೇಳಿದ್ದರೆ ಏಕೆಂದು ಹೇಳಬೇಕಾಗುತ್ತಿತ್ತು, ಏಕೆಂದು ಹೇಳಿದರೆ ನನ್ನ ಹೆಸರು ಬರುತ್ತಿತ್ತು. ಆರು ವರ್ಷ ಹೆಂಡತಿಗೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಹೇಳುತ್ತಲೇ ಇದ್ದರು. ಒಂದೂ ಸುಳ್ಳು ರಿಪೋರ್ಟು ಬರೆಯದ ಮನುಷ್ಯ.

"ಇಲ್ಲ ಅತ್ತಿಗೆ, ಇನ್ನೂ ಬಂದಿಲ್ಲ" ಅಂದೆ.

"ಬಂದೇ ಬರ್ತೈತೆ ಬಿಡ್ರಿ. ಕಡೀಗೆ ಆಸ್ಪತ್ರ್ಯಾಗೆ ಮಲಗಿದ್ದಾಗ್ಲೂ ಅಂತಿದ್ರು, ಟೈಪಿಂಗ್ ಮೇಡಂ ಕೈಯಾಗ ಹೋಗೈತೆ, ಅದ್ರಾಗೆ ತಪ್ಪಾಗಾಕೆ ಸಾಧ್ಯನೇ ಇಲ್ಲ ಅಂತ."

ಅವರು ಎದ್ದು ಸೆರಗು ಸರಿಮಾಡಿಕೊಂಡು ಹೋದರು. ನಾನು ಅವರನ್ನು ಕರೆಯಲಿಲ್ಲ.