ದುಡಿದು ಬಂದ ಕಾರಿಗೆ ಸ್ನಾನ

“ಮೇಡಂ, ಬಿಸಿ ಇಂಜಿನ್ ಮೇಲೆ ಯಾರಾದ್ರೂ ತಣ್ಣೀರು ಹಾಕ್ತಾರಾ?” ಮಾಚೇನಹಳ್ಳಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಟಾರ್ಚ್ ಹಿಡಿದು ತೋರಿಸಿದರು. ಹೊಗೆ ಹೊರಹೋಗುವ ಎರಕದ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನಾನು ಆಸೆಪಟ್ಟು ಕೊಂಡ ಟರ್ಬೊ ಕಾರು ಹೀಗೆ ಹೊಗೆ ಸೋರಿ ಟಪಟಪ ಎನ್ನುತ್ತಿದ್ದುದು ಇದು ಮೂರನೇ ಸಲ. ಎರಡು ಸಲ ಪೈಪನ್ನೇ ಬದಲಿಸಿಯಾಗಿತ್ತು.

ನೀರು ಹಾಕುವವರು ಯಾರೆಂದು ನನಗೆ ಗೊತ್ತಿತ್ತು. ಕುಂಸಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ಅಪ್ಪ ಈಗ ದುರ್ಗಿಗುಡಿಯಲ್ಲಿ ನನ್ನ ಜೊತೆಗಿದ್ದಾರೆ. ಸಂಜೆ ನಾನು ಭದ್ರಾವತಿಯಿಂದ ಕೆಲಸ ಮುಗಿಸಿ ಬಂದ ಕೂಡಲೇ ಬಾನೆಟ್ ಎತ್ತಿಸಿ ಬಕೆಟ್ಟಿನಿಂದ ನೀರು ಹೊಯ್ಯುತ್ತಾರೆ. ಉಳುಮೆ ಮುಗಿಸಿ ಬಂದ ಎತ್ತುಗಳಿಗೂ ಹಾಗೇ ಮಾಡುತ್ತಿದ್ದರು. ಬೇಡವೆಂದರೆ, “ದುಡಿದು ಬಂದಿದೆ ಕಣಮ್ಮ, ಮೈ ತೊಳೀದೆ ಹಂಗೇ ಕಟ್ಟಕ್ಕಾಗುತ್ತಾ?” ಎನ್ನುತ್ತಾರೆ.

ಪೈಪ್ ಮತ್ತೆ ಬದಲಾಯಿತು. ಕಾರಣವನ್ನು ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ಈಗ ದಿನಾ ನಮ್ಮ ಬೀದಿಯ ತಿರುವಿನಲ್ಲೇ ಕಾರು ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಇಂಜಿನ್ ತಣ್ಣಗಾಗುವವರೆಗೆ ಕೂರುತ್ತೇನೆ. ಗೇಟಿನಲ್ಲಿ ಬಕೆಟ್ ಹಿಡಿದು ಕಾದಿರುವ ಅಪ್ಪ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, “ಈಗೀಗ ಇದಕ್ಕೆ ಅಷ್ಟು ಸುಸ್ತಾಗಲ್ಲ ನೋಡು” ಎಂದು ಸಮಾಧಾನದಿಂದ ನೀರು ಹೊಯ್ಯುತ್ತಾರೆ.