ಹೆಸರು ಹೇಳಿ ಒಳಗೆ ಬಾ

ಇಂದು ಬೆಳಿಗ್ಗೆ ಅಂಗಳ ಸಾರಿಸಿದೆ, ಮಜ್ಜಿಗೆ ಕಡೆದೆ, ನೂಲಿಗೆ ಗಂಜಿ ಹಾಕಿ ಬಿಸಿಲಿಗೆ ಹರವಿದೆ, ರೊಟ್ಟಿ ಬಡಿದೆ. ಕೈ ಒರೆಸಿಕೊಳ್ಳುತ್ತಲೇ ಪಕ್ಕದ ಮನೆಯ ಗೌರವ್ವನ ಬಾಗಿಲಿಗೆ ಓಡಿದೆ. ಅವಳ ಹೊಸ ಸೊಸೆ ನೀಲವ್ವ ಗುಡೂರಿನಿಂದ ಬಂದು ಗಾಡಿ ಇಳಿದಿದ್ದಳು.

ಇಳಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ನಮ್ಮ ಇಳಕಲ್ಲಿನಲ್ಲಿ ಸೊಸೆ ಸುಮ್ಮನೆ ಒಳಗೆ ಬರುವಂತಿಲ್ಲ (ನಿಮ್ಮ ಕಡೆಯೂ ಹೀಗೇ ಇದ್ದೀತು). ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಒಡಪು ಹೇಳಬೇಕು. ಅದೇ ಟಿಕೀಟು.

"ಹೇಳ ನಮ್ಮವ್ವಾ! ಗಂಡನ ಹೆಸರು ಗಾಡ್ಯಾಗ ಬಿಟ್ಟು ಬಂದೀಯೇನು?" ನೆರೆದ ಹೆಂಗಸರ ನಗುವೋ ನಗು.

ಹುಡುಗಿ ತುಟಿ ಬಿಚ್ಚಲಿಲ್ಲ. ನಗು ನಿಂತಿತು. "ಮನಸಿಲ್ಲದ ಮದುವಿ ಏನವಾ ಇದು?" ಎಂದು ಯಾರೋ ಪಿಸುಗುಟ್ಟಿದರು. ಗೌರವ್ವನ ಮುಖ ಸಣ್ಣದಾಯಿತು. ಮೊದಲ ದಿನವೇ ಇಂಥ ಮಾತು ಅಂಟಿಕೊಂಡರೆ ಹುಡುಗಿ ಓಣಿಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ.

"ಅತ್ತಿಯವರು ಮದುವ್ಯಾಗ ಒಮ್ಮಿನೂ ಅವರ ಹೆಸರು ಅನ್ನಲಿಲ್ಲರಿ. ಬರೇ ತಮ್ಮಾ, ತಮ್ಮಾ ಅಂತಾರ. ಈ ಮನ್ಯಾಗ ಆ ಹೆಸರು ಅನ್ನಬಾರದೇನೋ ಅಂತ..."

ಖರೆ! ಗೌರವ್ವನ ಮಗ ಸಂಗಪ್ಪ. ಅವನಿಗೆ ಇಟ್ಟದ್ದು ಅಜ್ಜನ ಹೆಸರು. ಸ್ವಂತ ಮಗನೇ ಆದರೂ, ಮಾವನ ಹೆಸರು ಅವಳ ಬಾಯಿಂದ ಹೊರಡುವುದುಂಟೆ?

ಎರಡರ್ಥದ ಮಾತಿಗೆ ನಾವು ನಗುವುದೇಕೆ ಹೇಳಿ? ಒಂದು ಅರ್ಥದ ಬೆನ್ನು ಹತ್ತಿ ಹೊರಟಾಗ, ಇನ್ನೊಂದು ಎದುರಿಗೇ ಬಂದು ನಿಂತಿರುತ್ತದೆ. ಆದರೆ ಹಾಗೆ ನಿಂತದ್ದು ಮಾವನವರೇ ಆದರೆ? ನಗಬೇಕೋ, ಸೆರಗು ಹೊದೆಯಬೇಕೋ?

ನಾನು ಸಂಗತಿ ತಿಳಿಸಿದಾಗ ಗೌರವ್ವ ಸೆರಗನ್ನೇ ಹಿಡಿದಳು. "ನಿನಗ ಅಡ್ಡಿಯಿಲ್ಲವ್ವಾ, ಅನ್ನು. ನಾ ಕಿವಿ ಮುಚ್ಚಿಕೋತೇನಿ" ಎಂದು ಎರಡೂ ಕಿವಿ ಒತ್ತಿಕೊಂಡಳು.

ನೀಲವ್ವ ಗಂಟಲು ಸರಿ ಮಾಡಿಕೊಂಡಳು.

"ಇಳಕಲ್ಲ ಸೀರಿಗಿ ಕೆಂಪನ್ನ ಸೆರಗ,
ಗುಡೂರ ಹುಡುಗಿ ನಿಂತೀನಿ ಹೊರಗ,
ಸಂಗಪ್ಪನವರ ಹೆಸರ್ಹೇಳಿ ಬರತೀನಿ ಒಳಗ!"

ಅಂಗಳದಲ್ಲಿ ಮೊಮ್ಮಗ ಸಂಗಪ್ಪ ಹಲ್ಲು ಬಿಟ್ಟ. ಒಳಗೆ ಮಂಚದ ಮೇಲಿಂದ ಅಜ್ಜ, ಸಂಗಪ್ಪ ಮುತ್ಯಾ, "ಓ!" ಎಂದು ಓಗೊಟ್ಟರು.

ಎಲ್ಲರ ಕಣ್ಣು ಒಳಬಾಗಿಲಿಗೆ ತಿರುಗಿತು. ಗೌರವ್ವ ಗಾಬರಿಯಾಗಿ ಕಿವಿ ಬಿಟ್ಟಳು. "ಏನಂದ್ರು? ಸಿಟ್ಟಾದ್ರೇನು?"

"ಹೆಸರು ಹಿಡದು ಕರಿಯೋರು ನನಗ ಒಬ್ಬರೂ ಉಳಿದಿಲ್ಲವ್ವಾ" ಎಂದಿತು ಒಳಗಿನ ದನಿ. "ಬಾ ಮಗಳ, ಒಳಗ ಬಾ."

ಊಟಕ್ಕೆ ಗೋಧಿ ಬೆಲ್ಲದ ಮಾದಲಿ, ಹಾಲು, ತುಪ್ಪ. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ನೀಲವ್ವ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು. ಮುತ್ಯಾ ಮಾತ್ರ ಇನ್ನೂ ಕಣ್ಣು ಮುಚ್ಚಿರಲಿಲ್ಲ; ಆಸೆಯಿಂದ ಕೇಳಿದರು: "ಗೌರವ್ವಾ, ನಾಳಿಗೂ ಆಕಿನ್ನ ಬಾಗಿಲದಾಗ ನಿಲ್ಲಿಸ್ತೀರೇನು?"